ಸಮುದ್ರದ ತಳದಲ್ಲಿ ಔರಾದ ಮಾತು

ದೆವ್ವ, ಗಾಳಿ, ಎಲ್ಲಿಂದಲೋ ಬರುವ ದನಿ ಇವನ್ನೆಲ್ಲ ನಾನು ಯಾವತ್ತೂ ನಂಬಿದವಳಲ್ಲ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ್ದೇನೆ. ಯಾರಾದರೂ ಬಂದು "ನನ್ನ ಕಿವಿಯಾಗ ಯಾರೋ ಮಾತಾಡಿದಂಗ ಆಯ್ತು" ಅಂದರೆ, "ಮೊದಲು ಕಿವಿ ತೋರಿಸ್ಕೊಂಡು ಬರ್ರಿ" ಅಂತ ದವಾಖಾನಿಗೆ ಕಳಿಸುತ್ತಿದ್ದೆ. ಬೀದರಿನ ಮೈಲೂರಿನಲ್ಲಿ, ನಮ್ಮ ಓಣಿಯ ಮಂದಿ ಇದಕ್ಕಾಗಿಯೇ ನನ್ನ ಮುಂದೆ ಇಂಥ ಕಥೆ ಹೇಳಲು ಹೆದರುತ್ತಿದ್ದರು. ಹೀಗಾಗಿ ಈಗ ನಾನು ಬರೆಯುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ದಸರಾ ರಜೆಯಲ್ಲಿ ನಾನು ಮತ್ತು ನೀಲಮ್ಮ ಟೀಚರ್ ಅಂಡಮಾನಿಗೆ ಹೋಗಿದ್ದೆವು. ನೀಲಮ್ಮ ಭಾಲ್ಕಿಯವರು, ನಮ್ಮ ಶಾಲೆಯಲ್ಲೇ ಕನ್ನಡ ಕಲಿಸುತ್ತಾರೆ. ನಾನು ಮೆಥಡಿಸ್ಟ್ ಚರ್ಚಿನವಳು, ಅವರು ದಿನಾ ಲಿಂಗಪೂಜೆ ಮಾಡದೆ ಚಹಾ ಸಹ ಕುಡಿಯದವರು. ಆದರೂ ಹದಿನೆಂಟು ವರ್ಷ ಒಂದೇ ಬಸ್ಸಿನಲ್ಲಿ, ಹೆಚ್ಚು ಸಲ ಒಂದೇ ಸೀಟಿನಲ್ಲಿ, ಔರಾದ ದಾರಿ ಹಿಡಿದು ಶಾಲೆಗೆ ಹೋಗಿಬಂದವರು ನಾವು. ಅಲ್ಲಿ ನೀರೊಳಗೆ ಇಳಿಸಿ ಹವಳದ ದಿಬ್ಬವನ್ನೂ ಅದರ ಪಕ್ಕದಲ್ಲಿ ಎಂದೋ ಮುಳುಗಿದ ಹಡಗನ್ನೂ ತೋರಿಸುತ್ತಾರೆ ಅಂತ ಗೊತ್ತಾದಾಗ ನಾನೇ ಹಟ ಹಿಡಿದೆ.

"ಬೀದರದಾಗ ಮಳಿ ನೀರಿಗೇ ದಾರಿ ನೋಡೋರು ನಾವು. ಸಮುದ್ರದಾಗ ಇಳ್ಯೂದು ಯಾಕ ಬೇಕ್ರಿ?" ಅಂದರು ನೀಲಮ್ಮ.

"ಭಾತಂಬ್ರಾದಾಗ ಸೋದರಮಾವನ ಬಾವಿಯಾಗ ಈಜು ಕಲ್ತಾಕಿ ನಾ. ನಂಗೇನು ಹೆದರಿಕಿ?" ಅಂದೆ.

ಆ ಬಾವಿಯಲ್ಲಿ ನಾನು ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಈಜುತ್ತಿದ್ದೆ, ಡಬ್ಬಿ ಬಿಚ್ಚಿ ಒಮ್ಮೆಯೂ ಈಜಿರಲಿಲ್ಲ ಎಂಬುದನ್ನು ಅವರಿಗೆ ಹೇಳಲಿಲ್ಲ.

ನಮ್ಮನ್ನು ಇಳಿಸುವ ಹೆಂಗಸು ನಲವತ್ತರ ಆಸುಪಾಸಿನವಳು, ಗಟ್ಟಿಮುಟ್ಟಾದ ಮೈ, ಆಕೆಗೆ ಬರುತ್ತಿದ್ದದ್ದು ಹಿಂದಿ ಮಾತ್ರ. ನಮ್ಮಿಬ್ಬರಿಗೂ ಮೈಗಂಟುವ ಕರಿ ರಬ್ಬರ್ ಅಂಗಿ ತೊಡಿಸುವಷ್ಟರಲ್ಲಿ ಆಕೆ ಬೆವರಿ ಹೈರಾಣಾದಳು. ಕಾಲಿಗೆ ಬಾತುಕೋಳಿ ಪಾದದಂಥ ಉದ್ದನೆಯ ರಬ್ಬರ್ ಚಪ್ಪಲಿ, ಬೆನ್ನಿಗೆ ಗಾಳಿಯ ಸಿಲಿಂಡರು. ಕೊರಳಿನ ಸರ ಗಿರ ತೆಗೆಯಿರಿ ಅಂದಾಗ ನೀಲಮ್ಮ ಲಿಂಗದ ಕರಡಿಗೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡರು.

"ಇದು ಸರ ಅಲ್ಲಂತ ಹೇಳ್ರಿ ಟೀಚರ್ ಆಕಿಗಿ. ಜೀವ ಹೋದ್ರೂ ಇದು ಮೈಮ್ಯಾಗಿಂದ ಇಳಿಯಂಗಿಲ್ಲ."

ನಾನು ನನ್ನ ಬೀದರ ಹಿಂದಿಯಲ್ಲಿ ತಿಳಿಸಿ ಹೇಳಿದೆ. ಆಕೆ ಕೈ ಮುಗಿದು, ಕರಡಿಗೆಯನ್ನು ತಾನೇ ಜೋಪಾನವಾಗಿ ಅಂಗಿಯೊಳಗೆ ಸೇರಿಸಿದಳು. ಆಮೇಲೆ ಒಂದೇ ಮಾತು ಹತ್ತು ಸಲ ಹೇಳಿದಳು: ಬಾಯಲ್ಲಿ ಕಚ್ಚಿಕೊಂಡ ರಬ್ಬರ್ ತುಂಡಿನಿಂದಲೇ ಉಸಿರು, ಏನಾದರೂ ಆಗಲಿ, ಅದನ್ನು ತೆಗೆಯಕೂಡದು.

ನೀಲಮ್ಮ ಕೊರಳಮಟ ಇಳಿದು, ಒಂದು ಗುಟುಕು ಸಮುದ್ರ ಕುಡಿದು, ವಾಪಸ್ ದೋಣಿ ಹತ್ತಿದರು. "ಉಪ್ಪು ಭಾಳ ಆಗ್ಯಾದ್ರಿ. ನೀವು ನೋಡಿ ಬರ್ರಿ, ಬಂದು ಹೇಳ್ರಿ, ನಾ ಕೇಳ್ತೇನಿ" ಅಂದರು.

ನಾನು ಇಳಿದೆ. ಆ ಹೆಂಗಸು ಹಿಂದಿನಿಂದ ನನ್ನ ಸಿಲಿಂಡರು ಹಿಡಿದಿದ್ದಳು. ಕೆಳಗಿನ ಚೆಲುವನ್ನು ವರ್ಣಿಸುವುದು ನನ್ನ ಕೈಲಾಗದ ಕೆಲಸ. ಅರಿಶಿಣ ಬಣ್ಣದ ಮೀನುಗಳು ಪ್ರಾರ್ಥನೆ ಮುಗಿದ ಮಕ್ಕಳ ಹಾಗೆ ಗುಂಪುಗುಂಪಾಗಿ ಹೋಗುತ್ತಿದ್ದವು. ಹವಳದ ಆಚೆ ಹಡಗು ಒಂದು ಮಗ್ಗುಲಾಗಿ ಮಲಗಿತ್ತು. ಅದರ ಕಟಕಟೆಯ ಸಂದಿಯಿಂದ ದೊಡ್ಡ ಮೀನೊಂದು ಸಟ್ಟನೆ ಮುಖ ಹೊರಹಾಕಿತು. ನಾನು ಬೆಚ್ಚಿ ಜೋರಾಗಿ ಕಾಲು ಬಡಿದೆ. ಬಲಗಾಲಿನ ಚಪ್ಪಲಿ ಎರಡು ಕಬ್ಬಿಣದ ಸರಳುಗಳ ನಡುವೆ ಸಿಕ್ಕಿಕೊಂಡಿತು. ಆ ಜಗ್ಗಾಟದಲ್ಲಿ ಸಿಲಿಂಡರಿನ ಮೇಲಿದ್ದ ಕೈ ಜಾರಿತು. ತಳದ ರಾಡಿ ಎದ್ದು ನನ್ನ ಕೈ ನನಗೇ ಕಾಣದಾಯಿತು.

ಆಗ ನಾನು ಮಾಡಹೊರಟಿದ್ದನ್ನು ಹೇಳಲು ಇವತ್ತಿಗೂ ನಾಚಿಕೆ. ಯಾರನ್ನಾದರೂ ಕೂಗಬೇಕು ಅನ್ನಿಸಿತು. ಕೂಗಲು ಬಾಯಿ ತೆರವಾಗಬೇಕಲ್ಲ? ವಿಜ್ಞಾನ ಕಲಿಸಿದ ಇದೇ ಕೈ ಬಾಯಲ್ಲಿದ್ದ ರಬ್ಬರ್ ತುಂಡನ್ನು ಹಿಡಿದು ಎಳೆಯತೊಡಗಿತು.

ಆಗಲೇ ಕೇಳಿಸಿತು. ಕಿವಿಯ ಪಕ್ಕದಲ್ಲಿ, ಗಂಡು ದನಿ, ಸ್ಪಷ್ಟವಾಗಿ, ಸ್ವಲ್ಪ ಬೇಸರದಿಂದ:

"ಅದು ತಗೀಬ್ಯಾಡ್ರಿ ಬಾಯಿ. ಹಿಂದ ಸರೀರಿ. ಹಿಂದ ಜಾಗಾ ಅದ."

ಹೆಂಗಸರನ್ನೆಲ್ಲ 'ಬಾಯಿ' ಅಂತ ಕರೆಯುವ ಔರಾದ ಬಸ್ಸಿನ ಕಂಡಕ್ಟರನ ಮಾತು! ಧಾಟಿಯೂ ಅದೇ, ಗದರಿಕೆಯೂ ಅದೇ. ಹದಿನೆಂಟು ವರ್ಷದ ರೂಢಿ ನೋಡಿ, ಯಾರು, ಎಲ್ಲಿ ಅಂತ ಯೋಚಿಸುವ ಮೊದಲೇ ನನ್ನ ಮೈ ಹಿಂದಕ್ಕೆ ಸರಿಯಿತು. ಅಷ್ಟೊತ್ತು ಮುಂದಕ್ಕೆ ಜಗ್ಗುತ್ತಿದ್ದ ಕಾಲು ಹಿಂದೆ ಸರಿದದ್ದೇ ಸರಳಿನಿಂದ ಸಲೀಸಾಗಿ ಹೊರಬಂತು. ಅಷ್ಟರಲ್ಲಿ ಆ ಹೆಂಗಸು ರಾಡಿಯೊಳಗಿಂದ ಬಂದು ನನ್ನ ತೋಳು ಹಿಡಿದು, ನಿಧಾನಕ್ಕೆ ಮೇಲೆ ತಂದಳು. "ನೀವು ಗಾಬರಿಯಾಗಲಿಲ್ಲ, ಶಹಬ್ಬಾಸ್" ಅಂದಳು. ಕೆಳಗೆ ಯಾರಾದರೂ ಮಾತಾಡಿದರೇ ಅಂತ ಕೇಳಿದೆ. ಕೆಳಗೆ ಮೀನೂ ಮಾತಾಡುವುದಿಲ್ಲ ಅಂತ ನಕ್ಕಳು.

ಇಷ್ಟೇ ಆಗಿದ್ದರೆ ಹೆದರಿದ ತಲೆಯ ಆಟ ಅಂತ ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ದೋಣಿ ಹತ್ತಿ ನಾನಿನ್ನೂ ತುಟಿ ಬಿಚ್ಚುವ ಮೊದಲೇ ನೀಲಮ್ಮ ಕೇಳಿದರು:

"ಯಾರ್ರಿ ಅವ, ಹಿಂದ ಸರೀರಿ ಬಾಯಿ ಅಂತ ಒದರಿದವ? ನಂಗೇ ಅಂದನಂತ ತಿಳದು ಸರದು ಕುಂತೀನಿ ನೋಡ್ರಿ."

ಹೌದು, ಇಳಿಯುವಾಗ ದೋಣಿಯ ಮೂತಿಯಲ್ಲಿ ಕೂತಿದ್ದವರು ಈಗ ಹಿಂದಿನ ತುದಿಯಲ್ಲಿ, ಇಂಜಿನ್ನಿಗೆ ಅಂಟಿ ಕೂತಿದ್ದರು. ದೋಣಿ ನಡೆಸುವವನನ್ನು ಕೇಳಿದೆವು. ತನಗೇನೂ ಕೇಳಿಸಲಿಲ್ಲ, ಈ ಅಮ್ಮ ಮಾತ್ರ ಇದ್ದಕ್ಕಿದ್ದಂತೆ ಎದ್ದು ಬಂದು ತನ್ನ ಕಾಲು ತುಳಿದರು ಅಂತ ಪಾದ ತೋರಿಸಿದ.

ಊರಿಗೆ ಬಂದ ಮೇಲೆ ಎಲ್ಲರಿಗೂ ಹೇಳಿದೆ. ಉಸಿರು ಕಡಿಮೆಯಾದರೆ ತಲೆ ಹಾಗೇ ಆಡುತ್ತದೆ ಅಂದರು ನನ್ನ ಗಂಡ. ಹಾಗಾದರೆ ದೋಣಿಯಲ್ಲಿ ಆರಾಮಾಗಿ ಉಸಿರಾಡುತ್ತ ಕೂತಿದ್ದ ನೀಲಮ್ಮನಿಗೆ ಹೇಗೆ ಕೇಳಿಸಿತು ಅಂದೆ. "ಅವರದು ಬ್ಯಾರೆ ಕೇಸು" ಅಂದರು. ದೇವದೂತನೇ ಬಂದ ಅಂತ ಅತ್ತೆ ಕಣ್ಣೀರು ಹಾಕಿದರು. ನಮ್ಮ ಪಾದ್ರಿಗಳು ಬಹಳ ಹೊತ್ತು ಗಡ್ಡ ಕೆರೆದುಕೊಂಡು, "ದೇವದೂತರು ಎಲ್ಲಾ ಭಾಷಾ ಬಲ್ಲವರು ಖರೆ. ಆದ್ರ ಔರಾದ ಮಾತು..." ಅಂತ ನಿಲ್ಲಿಸಿದರು.

ಕೊನೆಗೆ ಒಂದು ಭಾನುವಾರ ಚರ್ಚು ಮುಗಿಸಿ, ನೀಲಮ್ಮನನ್ನು ಕರೆದುಕೊಂಡು ಚಿದ್ರಿಗೆ ಹೋದೆ. ನಮ್ಮ ಬಸ್ಸಿಗೆ ಬಹಳ ವರ್ಷ ಕಂಡಕ್ಟರ್ ಆಗಿದ್ದ ವೈಜಿನಾಥ ಕಾಕಾ ನಿವೃತ್ತರಾಗಿ ಅಲ್ಲಿ ಮನೆ ಮಾಡಿದ್ದಾರೆ. ನಿಜ ಹೇಳಬೇಕೆಂದರೆ, ಅವರು ಬದುಕಿದ್ದಾರೋ ಇಲ್ಲವೋ ಎಂಬ ಅಳುಕು ನನಗಿತ್ತು. ಬನಿಯನ್ ಹಾಕಿಕೊಂಡು ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. ಪೂರ್ತಿ ಕೇಳಿದರು. ಆ ಮಾತನ್ನು ಒಮ್ಮೆ ಅನ್ನಿರಿ ಅಂತ ಬೇಡಿಕೊಂಡೆ. ಗಂಟಲು ಸರಿಮಾಡಿಕೊಂಡು ಎದ್ದು ನಿಂತು ಅಂದರು. ನಾನೂ ನೀಲಮ್ಮನೂ ಮುಖ ಮುಖ ನೋಡಿಕೊಂಡೆವು. ಆ ದನಿ ಅದಲ್ಲ. ಒಂಚೂರೂ ಅಲ್ಲ.

ಹಾಗಾದರೆ ಅದು ಯಾರದು? ಬೇರೆ ಯಾವನಾದರೂ ಕಂಡಕ್ಟರನ ದನಿ ಇರಬಹುದೇ ಅಂತ ಕಾಕಾನನ್ನೇ ಕೇಳಿದೆ. ಅವರು ಶೇಂಗಾ ಬುಟ್ಟಿ ಕೆಳಗಿಟ್ಟರು.

"ಒಂದು ಮಾತು ಹೇಳ್ರಿ ಬಾಯಿ. ಅವ ಟಿಕೆಟ್ ಕೇಳಿದನೇನು?"

"ಇಲ್ರಿ ಕಾಕಾ."

"ಹಂಗಾದ್ರ ಅವ ಕಂಡಕ್ಟರ್ ಅಲ್ಲೇ ಅಲ್ರಿ," ಅಂದರು ಅವರು. "ಬ್ಯಾರೆ ಯಾರೋ ಅದಾರ."