ಟೋಪಿ ಕೆಳಗಿನ ಕಲೆ

ಏಯ್, ಬಟ್ಟೆಗೆ ರಕ್ತ ಆಯ್ತು ಅಂತ ಬಿಸಿನೀರಿಗೆ ಓಡ್ತಿರೋರೇ, ನಿಲ್ರೋ ಅಲ್ಲೇ! ಕೆಟ್ಲು ಕೆಳಗಿಡಿ. ಮೊದಲು ನಮ್ಮೂರು ನುರಾತಾದ ಸಬೋಹತ್ ಖೋಲಾ ಕಥೆ ಕೇಳಿ.

ಖೋಲಾ ಅಂದ್ರೆ ಚಿಕ್ಕಮ್ಮ. ಇವರು ಇಡೀ ಕೇರಿಗೇ ಚಿಕ್ಕಮ್ಮ. ಎಪ್ಪತ್ತು ದಾಟಿದೆ, ಎರಡು ಚಿನ್ನದ ಹಲ್ಲು, ಬೆರಳ ತುದಿಯೆಲ್ಲ ಸೂಜಿ ಚುಚ್ಚಿ ಚುಚ್ಚಿ ಗಟ್ಟಿ. ಮದುವೆಗೆ ಹೆಣ್ಣಿನ ಮನೆಯಿಂದ ಹೋಗುತ್ತಲ್ಲ ಗೋಡೆಯಗಲದ ಕಸೂತಿ, ಸುಜಾನಿ, ಅದು ಇವರ ಕೈ ಸೋಕದೆ ಕೇರಿ ದಾಟಲ್ಲ.

ಆವತ್ತು ಪಕ್ಕದ ಮನೆ ಮದುಮಗಳು ಝುಲ್ಹುಮೋರ್‌ದು ಸುಜಾನಿ. ಬೆಳಗಾದ್ರೆ ಗಂಡಿನ ಮನೆಗೆ ಹೋಗ್ಬೇಕು. ಅಲ್ಲಿನ ಹೆಂಗಸರು ಗೋಡೆಗೆ ಹಾಕಿ, ಮೂಗು ತಾಗಿಸಿ ನೋಡ್ತಾರೆ. ಕೊನೇ ದಾಳಿಂಬೆ ಹೂವು, ಕೊನೇ ಎಸಳು. ಹುಡುಗಿ ಮನಸ್ಸು ಎಲ್ಲೋ, ಸೂಜಿ ಎಲ್ಲೋ. ಚುಚ್ಕೊಂಡ್ಲು! ಬಿಳೀ ಬಟ್ಟೆ ಮೇಲೆ ಟಪ್ ಅಂತ ಒಂದು ಹನಿ.

"ಅಯ್ಯೋ!" ಅಂತ ಟೀ ಕೆಟ್ಲಿಗೆ ಕೈ ಹಾಕಿದ್ಲು.

"ಮುಟ್ಟಬೇಡ್ವೇ!" ಖೋಲಾ ಕೂಗಿದ್ದಕ್ಕೆ ಅಂಗಳದ ಕೋಳಿ ಹಾರಿಹೋಯ್ತು. "ಬಿಸಿನೀರು ಬಿದ್ರೆ ರಕ್ತ ಬೆಂದು ಅಲ್ಲೇ ಕೂತ್ಕೊಳತ್ತೆ. ನಮ್ಮಮ್ಮ ನನ್ನ ಸುಜಾನಿಗೆ ಅದನ್ನೇ ಮಾಡಿದ್ಲು. ಗಂಡಿನ ಮನೇಲಿ ಹೆಂಗಸರು ನೋಡೋಕ್ ಬಂದಾಗ ನನ್ ಗಂಡ, ಅದೇ ನಿಮ್ಮ ಮಾಮ, ಓಡಿಬಂದು ಕಲೆ ಮೇಲೆ ತನ್ನ ಟೋಪಿ ನೇತುಹಾಕ್ದ, ಪುಣ್ಯಾತ್ಮ."

"ತಣ್ಣೀರು ತರ್ಲಾ ಖೋಲಾ?"

"ತಂದು? ಕೆಂಪು ದಾರ ಬಣ್ಣ ಬಿಡೋಕಾ?" ಬಿಳೀ ದಾರ ಉಂಡೆ ಮಾಡಿ ಕೊಟ್ರು. "ಬಾಯಿಗೆ ಹಾಕಿ ನೆನೆಸು. ನಿನ್ನ ರಕ್ತಕ್ಕೆ ನಿನ್ನ ಎಂಜಲೇ ಆಗ್ಬೇಕು. ನನ್ನ ಎಂಜಲಿಗೆ ಅದು ಬಗ್ಗಲ್ಲ."

ಅಗಿದ್ಲು, ಅಗಿದ್ಲು. ಆಚೆ ತೆಗೆದ್ರೆ ಒಣಕಲು! ಹೆದರಿಕೆಗೆ ಬಾಯೇ ಆರಿದೆ.

"ಎಂಜಲೇ ಬರ್ತಿಲ್ಲ ಖೋಲಾ..."

"ಬೇಕಾದ ಕಡೆ ಬರಲ್ಲ, ಕಣ್ಣಲ್ಲಿ ಮಾತ್ರ ಧಾರಾಕಾರ!"

ಮಂಡಿ ಹಿಡ್ಕೊಂಡು ಎದ್ರು. ಅಂಗಳದ ಮರದಿಂದ ಹಸಿರು ಜರ್ದಾಳು ಕಾಯಿ ಕಿತ್ತು ತಂದು, ಹುಡುಗಿ ಎದುರಿಗೇ ಕೂತು, ಉಪ್ಪಿಗೆ ಅದ್ದಿ ಕಟುಂ ಅಂತ ಕಚ್ಚಿದ್ರು. ಕಣ್ಣು ಮುಚ್ಚಿ, ಮುಖ ಹಿಂಡಿ, "ಹ್ಹಾ! ಏನ್ ಹುಳೀನೇ! ಕಿವಿ ಹಿಂದಕ್ಕೇ ಹೋಯ್ತು!"

"ನಂಗೂ ಒಂದು..."

"ಕೊಡಲ್ಲ. ಹುಳಿ ರಸ ತಾಗಿ ಇನ್ನೊಂದು ಕಲೆ ಆಗ್ಲಿ ಅಂತಾನಾ? ಸುಮ್ನೆ ನೋಡು."

ಇನ್ನೊಂದು ಕಟುಂ. ಹುಡುಗಿ ಬಾಯಲ್ಲಿ ನೀರೂರಿತು, ಗುಟುಕ್ ಅಂತ ನುಂಗಿದ್ಲು.

"ನುಂಗಬೇಡ್ವೇ ಕತ್ತೆ, ಅದೇ ಬೇಕಾಗಿರೋದು!"

ಇಬ್ಬರಿಗೂ ನಗು. ಈ ಸಲ ದಾರ ತೊಟ್ಟಿಕ್ತಾ ಬಂತು. "ಉಜ್ಜಬೇಡ. ಒತ್ತು, ಎತ್ತು." ಕೆಂಪು ಹೋಗಿ ತಿಳಿಗುಲಾಬಿ, ಇನ್ನೊಂದು ಉಂಡೆಗೆ ಅದೂ ಮಾಯ. ಝುಲ್ಹುಮೋರ್ ಸುಜಾನಿ ಬಿಟ್ಟು ಖೋಲಾನ ತಬ್ಕೊಂಡ್ಲು.

ಸಂಜೆ ಖೋಲಾ ತಮ್ಮ ಮನೆ ಗೋಡೆ ಮೇಲಿನ ತಮ್ಮ ಹಳೇ ಸುಜಾನಿ ಮುಂದೆ ನಿಂತ್ರು. ಮಾಮ ತೀರ್ಕೊಂಡು ಆರು ವರ್ಷ, ಟೋಪಿ ಮಾತ್ರ ಅಲ್ಲೇ ಇದೆ. ತೆಗೆದ್ರು. ಕೆಳಗೆ ಕಂದು ಕಲೆ. ಜರ್ದಾಳು ಹುಳಿ ಇನ್ನೂ ಬಾಯಲ್ಲೇ ಇತ್ತು. ಒಂದು ದಾರ ನೆನೆಸಿ, ಎರಡು ಸಲ ಒತ್ತಿ ನೋಡಿದ್ರು. ಅದೇನು ಕದಲುತ್ತೆ!

"ನೀನು ಅಲ್ಲೇ ಇರು," ಅಂದ್ರು. ಟೋಪಿಯ ಧೂಳು ತಲೆವಸ್ತ್ರದ ತುದೀಲಿ ಒರೆಸಿ, ಅದೇ ಮೊಳೆಗೆ ನೇತುಹಾಕಿದ್ರು.