ಏರಿಯ ಮೇಲೆ ಒಪ್ಪಬೇಕಾದ ತಪ್ಪು

ಮಹಾಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ, ಮದ್ದೂರಿನಿಂದ ಮಳವಳ್ಳಿ ಕಡೆಗೆ ಹರಿಯುವ ಸಣ್ಣ ನಾಲೆಯೊಂದರ ಹೂಳೆತ್ತಿಸುವ ಕೆಲಸ ನನ್ನ ಪಾಲಿಗೆ ಬಂತು. ಎಂಜಿನಿಯರಿಂಗ್ ಪದವಿ ಪಡೆದು ಎರಡು ವರ್ಷವಷ್ಟೇ ಆಗಿತ್ತು. ಆಗಲೇ ದಣಿದಿದ್ದೆ ಎಂದು ನೆನಪು. ಇಂದಿನ ದಣಿವನ್ನೇ ಅಂದಿನವನ ಮೇಲೆ ಹೊರಿಸುತ್ತಿದ್ದೇನೋ ಏನೋ. ನಾಲ್ಕು ದಿನದಲ್ಲಿ ನೀರು ಬಿಡುವವರಿದ್ದರು. ಹೂಳು ತೆಗೆಯದಿದ್ದರೆ ನಾಲೆಯ ಕೊನೆಯ ಹಳ್ಳಿಗೆ ನೀರು ಮುಟ್ಟುತ್ತಿರಲಿಲ್ಲ. ಅಲ್ಲಿ ಭತ್ತದ ಸಸಿಗಳು ಮಡಿಯಲ್ಲೇ ಹಳದಿಯಾಗುತ್ತಿದ್ದವು.

ಕೆಲಸದವರು ತಮ್ಮಿಷ್ಟದಂತೆ ಗುಂಪುಗೂಡಿದ್ದು ನನಗೆ ಗೊಂದಲವಾಗಿ ಕಂಡಿತು. ಎತ್ತರ ನೋಡಿ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದೆ. ಮಣ್ಣಿನ ಬುಟ್ಟಿ ಕೈಯಿಂದ ಕೈಗೆ ಸಾಗಿ ನಾಲೆಯ ಏರಿಯನ್ನು ಸೇರಬೇಕು.

"ಬುಟ್ಟಿ ಏನ್ ನಿನ್ನೆಂಡ್ತಿಯೇನ್ಲಾ, ಅಂಗ್ ತಬ್ಕಂಡಿದ್ದೀಯ? ಕೊಡ್ಲಾ ಅತ್ಲಾಗಿ!" ಎಂದು ಗಂಡಸರು ಒಬ್ಬರನ್ನೊಬ್ಬರು ಛೇಡಿಸುತ್ತಿದ್ದರು. ಒಂದು ಕಡೆ ಮಾತ್ರ ಸಾಲು ಕಡಿಯುತ್ತಿತ್ತು. ಮುದುಕನೊಬ್ಬ ಬುಟ್ಟಿಯನ್ನು ನೆಲಕ್ಕಿಟ್ಟು ಮುಖ ತಿರುಗಿಸುವನು. ಪಕ್ಕದ ಹೆಂಗಸು ಆಮೇಲೆ ಬಗ್ಗಿ ಎತ್ತಿಕೊಳ್ಳುವಳು. ಹಿಂದೆ ಬುಟ್ಟಿಗಳ ರಾಶಿ. ನಾನು ಅವಳನ್ನು ಎಲ್ಲರೆದುರು ಸೋಮಾರಿ ಎಂದು ಬೈದೆ. ಅವಳು ಬುಟ್ಟಿಯನ್ನು ಅಲ್ಲೇ ಬಿಟ್ಟು ಮನೆಗೆ ಹೊರಟುಹೋದಳು. ಉಳಿದ ಹೆಂಗಸರು ಏರಿಯ ಮೇಲೆ ಕುಳಿತುಬಿಟ್ಟರು.

ಅವರಲ್ಲಿ ಹಿರಿಯಳಾದವಳು ಎಲೆಯಡಿಕೆ ಉಗಿದು ಹೇಳಿದಳು: "ಆವಯ್ಯ ಅವಳ ಮಾವ ಕಣ್ ಸ್ವಾಮಿ. ಮಾವನ ಕೈಯಿಂದ ಸೊಸೆ ಎಂಗ್ ಈಸ್ಕತಾಳೆ? ಇಷ್ಟೊಂದ್ ಓದಿದ್ದೀರಿ, ಒಂದ್ ಮಾತ್ ಕೇಳಾಕಾಗ್ನಿಲ್ವಾ?"

"ಯಾರೂ ಹೇಳಲಿಲ್ಲವಲ್ಲ," ಎಂದೆ.

"ನೀವ್ ಬಾಯ್ ಬುಡಕ್ ಬುಟ್ರಾ?"

ಆ ಸೊಸೆ ಬಾರದೆ ಯಾರೂ ಏಳುವುದಿಲ್ಲ ಎಂದರು. ಮರುದಿನವೂ ಕೆಲಸ ನಿಂತಿತು. ಉಳಿದದ್ದು ಎರಡೇ ದಿನ. ಕೊನೆಗೆ ನಾನೇ ಅವಳ ಮನೆಗೆ ಹೋಗಿ ಜಗಲಿಯಲ್ಲಿ ಕುಳಿತಿದ್ದ ಮಾವನಿಗೆ, ತಪ್ಪು ನನ್ನದು ಎಂದೆ. ಉತ್ತರ ಬಂದದ್ದು ಬಾಗಿಲ ಹಿಂದಿನಿಂದ, ಸೊಸೆಯದು: "ಬೈದಿದ್ದು ಏರಿ ಮ್ಯಾಲೆ. ಇಲ್ಯಾಕ್ ಬಂದು ಯೋಳ್ತಾರೆ?"

ಏರಿಗೆ ಮರಳಿ ಎಲ್ಲರೆದುರು ನಿಂತು ತಪ್ಪಾಯಿತು ಎಂದು ಗಟ್ಟಿಯಾಗಿ ಹೇಳಿದೆ ಎಂಬುದು ನನ್ನ ನೆನಪು. ಆ ದಿನದ ದಿನಚರಿಯಲ್ಲಿ ಇರುವುದು "ಸಾಲು ಬದಲಿಸಿದೆ" ಎಂಬ ಎರಡೇ ಪದ. ಬದಲಿಸಿದವನು ನಾನಲ್ಲ, ಆ ಹಿರಿಯಳು. "ನೀನ್ ಇತ್ಲಾಗ್ ಬಾರಮ್ಮಿ, ನೀನ್ ನಿನ್ ತಮ್ಮನ್ ತಾವ ನಿಂತ್ಕೊ" ಎನ್ನುತ್ತ, ಯಾರಿಗೆ ಯಾರು ಏನಾಗಬೇಕು ಎಂಬುದನ್ನೆಲ್ಲ ಬಲ್ಲವಳಾಗಿ, ಬೀಡಿ ಸೇದುವಷ್ಟು ಹೊತ್ತಿನಲ್ಲಿ ಮುಗಿಸಿದಳು. ಆದರೂ ಬದಲಿಸಿದವನು ನಾನೇ ಎಂಬಂತೆ ಬರೆದಿದ್ದೇನೆ. ಹಾಗಿರುವಾಗ ಗಟ್ಟಿಯಾಗಿ ಹೇಳಿದ್ದು ನಿಜವೇ, ಗೊಣಗಿದ್ದೆನೇ? ಆ ಸೊಸೆ ಕೆಲಸಕ್ಕೆ ಬಂದದ್ದಂತೂ ನಿಜ. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ನೀರು ಬಿಟ್ಟ ದಿನ ಬೆಳಿಗ್ಗೆಯೂ ಕೊನೆಯ ಮಾರುದ್ದದ ಹೂಳು ಎತ್ತುತ್ತಲೇ ಇದ್ದರು. ನೀರು ಪಾದ ಮುಟ್ಟಿದಾಗಲೇ ಅವರು ಮೇಲೆ ಹತ್ತಿದ್ದು. ಕೆಸರು ಬಣ್ಣದ ನೀರು ಕಸಕಡ್ಡಿ ತಳ್ಳಿಕೊಂಡು ಮುಂದಕ್ಕೆ ಹೋಯಿತು. ಸಂಜೆಯ ಹೊತ್ತಿಗೆ ಕೊನೆಯ ಹಳ್ಳಿಯವನೊಬ್ಬ ಓಡಿಬಂದ: "ಮಡಿಗ್ ನೀರ್ ಬಿತ್ತು ಸ್ವಾಮಿ, ಬನ್ನಿ ನೋಡೀರಂತೆ." ಹೋಗಬೇಕಿತ್ತು, ಹೋಗಲಿಲ್ಲ. "ಆ ಹೆಂಗಸರನ್ನು ಕರೆದುಕೊಂಡು ಹೋಗು" ಎಂದೆ. ಅವರೆಲ್ಲ ಆಗಲೇ ಮಡಿ ನೋಡಲು ಹೊರಟಾಗಿತ್ತು.