ದೊಡ್ಡಮ್ಮನ ಚೆಂಬಿನ ನೆಗ್ಗು

ನೆಟ್ಟಗಿರುವ ಯಾವುದನ್ನೂ ನಾನು ನೆಟ್ಟಗೆ ಫೋಟೋ ತೆಗೆದವನಲ್ಲ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವು ಕಂಡುಹಿಡಿದು ನಗುವುದು ಬೇಡ. ಐವತ್ತರ ದಶಕದ ಕೊನೆಗೆ, ಬಂಟ್ವಾಳದಲ್ಲಿ ಮಾಸ್ತರನಾಗಿದ್ದಾಗ, ಯಾರೋ ಬಳಸಿ ಬೇಸತ್ತ ಡಬ್ಬಿ ಕ್ಯಾಮೆರಾ ಒಂದನ್ನು ಮಂಗಳೂರಿನಿಂದ ತಂದೆ. ರೋಲಿಗೆ ಎಂಟೇ ಚಿತ್ರ. ಆರಡಿಗಿಂತ ಹತ್ತಿರ ಹೋದರೆ ಎಲ್ಲವೂ ಮಂಜು. ಇಂಥದ್ದು ಕೈಗೆ ಬಂದವನು ಹೆಂಡತಿಯನ್ನೋ ದೇವಸ್ಥಾನವನ್ನೋ ತೆಗೆದು ಕೃತಾರ್ಥನಾಗಬೇಕು. ನಾನು ತೆಗೆದದ್ದು ಕಡ್ಡಿ ಮುರಿದ ಕೊಡೆ, ತಳ ಹೋದ ಬಾಲ್ದಿ, ಜೋಡಿ ಕಳೆದುಕೊಂಡ ಚಪ್ಪಲಿ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋದಾಗಲೂ ಅಷ್ಟೇ. ಸಾವಿರ ಕಂಬಕ್ಕೂ ಬೆನ್ನು ಹಾಕಿ, ಹೊರಗೆ ಗೋಡೆಗೆ ಒರಗಿಸಿಟ್ಟಿದ್ದ ಮುರುಕು ಏಣಿಯ ಮುಂದೆ ಮಂಡಿಯೂರಿದೆ. ಅಲ್ಲಿದ್ದ ಹಿರಿಯರೊಬ್ಬರು ನನ್ನದು ಯಾವುದೋ ಬೇರೆ ಮತವಿರಬೇಕೆಂದು ತಿಳಿದು ದೂರ ಸರಿದರು. ಅವರು ತಿಳಿದದ್ದು ತಪ್ಪಲ್ಲ. ಮುಕ್ಕಾಗಿ ಭಿನ್ನವಾದ ಮೂರ್ತಿಗೆ ಪೂಜೆ ಸಲ್ಲದು ಎನ್ನುತ್ತದೆ ಶಾಸ್ತ್ರ. ಭಿನ್ನವಾಗದ್ದಕ್ಕೆ ನನ್ನಲ್ಲಿ ಪೂಜೆ ಇಲ್ಲ. ಶಾಲೆಯ ಗ್ರೂಪ್ ಫೋಟೋದಲ್ಲಿ ನಮ್ಮ ಹೆಡ್ಮಾಸ್ತರರು ಕುತ್ತಿಗೆಯಿಂದ ಮೇಲೆ ನಾಪತ್ತೆ, ಅವರು ಕುಳಿತ ಕುರ್ಚಿಯ ಮುರಿದ ಕೈಗೆ ಸುತ್ತಿದ ತೆಂಗಿನ ಹಗ್ಗ ಮಾತ್ರ ಎಳೆ ಎಳೆಯಾಗಿ ಬಂದಿತ್ತು. "ನಿಮ್ಮ ಕಣ್ಣಿಗೆ ಬೀಳಬೇಕಾದರೆ ನಾನೂ ಒಂದು ಕಾಲು ಮುರಿದುಕೊಳ್ಳಬೇಕೋ ಏನೋ" ಎಂದಳು ಹೆಂಡತಿ.

ಅವಳ ದೊಡ್ಡಮ್ಮನ ಮನೆ ವೇಣೂರಿನಲ್ಲಿ. ಗಂಡ ತೀರಿಹೋಗಿ ಕೆಲವು ವರ್ಷವಾಗಿದ್ದರೂ ಗದ್ದೆ, ಆಳು, ನೆಂಟರು ಎಲ್ಲರನ್ನೂ ಒಂದೇ ಗಂಟಲಿನಲ್ಲಿ ನಡೆಸುತ್ತಿದ್ದ ಹೆಂಗಸು. ಮನೆಮಾತು ತುಳು, ಮಾಸ್ತರನಿಗೆ ಮರ್ಯಾದೆ ಕೊಡುವುದು ಕನ್ನಡದಲ್ಲೇ ಎಂದು ಅವರ ಹಟ. ಮೊದಲ ಸಲ ಹೋದಾಗ, ನಮ್ಮ ಕಡೆಯ ಕ್ರಮದಂತೆ, ಕೂತ ಕೂಡಲೇ ಬೆಲ್ಲ, ನೀರು ಬಂತು. ನೀರು ಬಂದದ್ದು ಹಿತ್ತಾಳೆಯ ಚೆಂಬಿನಲ್ಲಿ. ಆ ಚೆಂಬಿನ ಹೊಟ್ಟೆಯಲ್ಲಿ ಅಂಗೈಯಗಲದ ಒಂದು ನೆಗ್ಗು. ಸಂಜೆಯ ಬಿಸಿಲು ಓರೆಯಾಗಿ ಬಿದ್ದು ನೆಗ್ಗಿನೊಳಗೆ ನೆರಳು ನಿಂತಿತ್ತು. ಬೆಲ್ಲ ಬಾಯಲ್ಲಿ ಹಾಗೆಯೇ ಇತ್ತು. ಚೆಂಬನ್ನು ಜಗಲಿಯ ತುದಿಯಲ್ಲಿಟ್ಟು, ಆರು ಹೆಜ್ಜೆ ಹಿಂದೆ ಹೋಗಿ, ತೆಗೆದೇಬಿಟ್ಟೆ.

ದೊಡ್ಡಮ್ಮನ ಮುಖ ಕೆಂಪಾಯಿತು. "ಎಂತ ಮಾಸ್ಟ್ರೇ, ಅಳಿಯನಿಗೆ ನೆಗ್ಗಿದ ಚೆಂಬಲ್ಲಿ ನೀರು ಕೊಟ್ಟರು ಅಂತ ಊರಿಗೆಲ್ಲ ಸಾಕ್ಷಿ ತೋರಿಸ್ಲಿಕ್ಕಾ? ಅದನ್ನು ಸುಟ್ಟು ಹಾಕಿ!"

ಸುಡುತ್ತೇನೆ ಎಂದು ಮಾತು ಕೊಟ್ಟೆ. ಸುಡಲಿಲ್ಲ. ಮಂಗಳೂರಿನ ಸ್ಟುಡಿಯೋದವನಿಂದ ಅದನ್ನು ದೊಡ್ಡದು ಮಾಡಿಸಿ, ಡೈರಿಯಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಪಕ್ಕ ಕೂತ ಪಾಪದವರಿಗೆಲ್ಲ ತೋರಿಸುತ್ತಿದ್ದೆ. ಹೆಚ್ಚಿನವರು ತಿರುಗಿಸಿ ನೋಡಿ, ಹಿಂಬದಿಯಲ್ಲೂ ಏನೂ ಇಲ್ಲದ್ದರಿಂದ, ಮರಳಿಸುತ್ತಿದ್ದರು.

ಮಳೆಗಾಲ ಕಳೆದು ಮತ್ತೆ ಹೋದೆವು. ಬೆಲ್ಲ ಬಂತು, ನೀರು ಬಂತು. ಚೆಂಬನ್ನು ತಿರುಗಿಸಿ ತಿರುಗಿಸಿ ನೋಡಿದೆ, ನೆಗ್ಗೇ ಇಲ್ಲ. ಕಲಾಯಿಯವನನ್ನು ಕರೆಸಿ, ನೆಗ್ಗನ್ನು ಒಳಗಿನಿಂದ ಬಡಿಸಿ ಎಬ್ಬಿಸಿ, ಹುಣಿಸೆಹುಳಿ ಹಾಕಿ ತಿಕ್ಕಿಸಿ, ಕುತ್ತಿಗೆಗೆ ಮಲ್ಲಿಗೆ ಸುತ್ತಿದ್ದರು.

"ಈಗ ತೆಗೀರಿ" ಎಂದರು ದೊಡ್ಡಮ್ಮ, ಗೆದ್ದವರಂತೆ.

ರೋಲಿನಲ್ಲಿ ಉಳಿದಿದ್ದ ಒಂದೇ ಚಿತ್ರವನ್ನು ಹಲ್ಲು ಕಚ್ಚಿಕೊಂಡು ಆ ಮದುಮಗಳಿಗೆ ಖರ್ಚು ಮಾಡಿದೆ. ಒಳ್ಳೆಯ ನೆಗ್ಗೊಂದು ಹಾಳಾಯಿತಲ್ಲ ಎಂಬ ಸಂಕಟಕ್ಕೆ, "ಮೊದಲು ಅದು ನೆಗ್ಗಿದ್ದು ಹೇಗೆ ದೊಡ್ಡಮ್ಮ?" ಎಂದು ಕೇಳಿದೆ.

ಅವರು ಚೆಂಬನ್ನು ಮಡಿಲಿಗೆ ತೆಗೆದುಕೊಂಡರು. "ಇವರು ಒಮ್ಮೆ ಮೂರು ದಿನ ಕೋಳಿಅಂಕದ ಜೂಜು ಅಂತ ತಿರುಗಿ ಬಂದು, ಇಲ್ಲೇ ಜಗಲಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, 'ನೆಂಟರಿಗೆ ಬೆಲ್ಲ ನೀರು ಇಲ್ವಾ?' ಅಂದರು. ಕೊಟ್ಟೆ. ಚೆಂಬು ಸಮೇತ ತಲೆಗೇ ಕೊಟ್ಟೆ. ಅವರ ತಲೆಗೆ ಎಂತದೂ ಆಗ್ಲಿಲ್ಲ ಮಾರಾಯ್ರೆ, ಚೆಂಬೇ ನೆಗ್ಗಿತು. ಸಾಯುವವರೆಗೆ ಅದರಲ್ಲೇ ನೀರು ಕುಡಿದರು, ಕುಡಿಯುವಾಗೆಲ್ಲ ನನ್ನನ್ನು ನೋಡಿ ನಗ್ತಿದ್ದರು."

ನಾನೂ ನಕ್ಕೆ. ಅವರ ಹೆಬ್ಬೆರಳು ಚೆಂಬಿನ ನುಣುಪು ಹೊಟ್ಟೆಯ ಮೇಲೆ ಏನನ್ನೋ ಹುಡುಕುತ್ತಿತ್ತು.

"ಅವರದ್ದು ಅಂತ ಒಂದು ಫೋಟೋ ಇಲ್ಲ" ಎಂದರು. "ಇದೊಂದು ಇತ್ತು. ಮರ್ಯಾದೆ ಮರ್ಯಾದೆ ಅಂತ ಅದನ್ನೂ ನಾನೇ ಬಡಿಸಿ ತೆಗೆಸಿದೆ."

ನನಗೆ ನಾಚಿಕೆಯಾಯಿತು. ನಾನು ನೆರಳು ಬೆಳಕು ಎಂದು ಕುಣಿದದ್ದು ಒಬ್ಬ ಮನುಷ್ಯನ ತಲೆಯ ಸುತ್ತ. ಕೊಟ್ಟ ಮಾತು ತಪ್ಪಿದ್ದಕ್ಕೆ ಬೈಸಿಕೊಳ್ಳಲು ಸಿದ್ಧನಾಗಿ ಡೈರಿ ತೆರೆದು ಫೋಟೋ ಕೊಟ್ಟೆ.

ದೊಡ್ಡಮ್ಮ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬೈಯಲಿಲ್ಲ.

"ಅವರೇ" ಎಂದರು. ಆಮೇಲೆ ಕಣ್ಣೊರೆಸಿಕೊಂಡು, "ಎಡಗಡೆ ಸ್ವಲ್ಪ ಕಪ್ಪಾಯ್ತು. ಅಡ್ಡಿ ಇಲ್ಲ, ಅವರ ಬಣ್ಣವೂ ಹಾಗೆಯೇ."

ಆ ಫೋಟೋ ಕಟ್ಟು ಹಾಕಿಸಿಕೊಂಡು, ಗಂಧದ ಬೊಟ್ಟು ಇಡಿಸಿಕೊಂಡು, ನಡುಮನೆಯ ಗೋಡೆ ಏರಿತು. ನಾನು ತೆಗೆದ ಮುಖಗಳಲ್ಲಿ, ಮನೆಯವರು ನೋಡಿ ಹೌದೆಂದದ್ದು ಅದೊಂದೇ. ಇನ್ನು ಮಲ್ಲಿಗೆ ಮುಡಿದ, ನೆಟ್ಟಗಾದ ಚೆಂಬಿನ ಚಿತ್ರ, ಹೊಳಪು ಹೆಚ್ಚಾಗಿ, ಬರೀ ಬಿಳಿ ಮಚ್ಚೆಯಾಗಿ ಬಂತು. ದೊಡ್ಡಮ್ಮನಿಗೆ ಮಾತು ಕೊಟ್ಟಿದ್ದೆನಲ್ಲ, ಅದನ್ನು ಸುಟ್ಟೆ.